ಗಂಟಲಕ್ಕನ ‘ಪಾಯಿಂಟೆಡ್ಲಿ’

ಗಂಟಲಕ್ಕನ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇನ್ನೂ ಕಡಿಮೆ. ಹೊರದೇಶದ ಧಾರಾವಾಹಿಗಳು ಟಿವಿಯಲ್ಲಿ ನಮ್ಮ ಮಾತಲ್ಲಿ ಬರುತ್ತವಲ್ಲ, ಅವುಗಳಲ್ಲಿ ಸೊಸೆಯ ಮೇಲೆ ಹರಿಹಾಯುವ ಅತ್ತೆ, ಕೋರ್ಟಿನಲ್ಲಿ ಗದರಿಸುವ ವಕೀಲೆ, ಆಸ್ಪತ್ರೆಯ ಬಾಗಿಲಲ್ಲಿ ಎದೆ ಬಡಿದುಕೊಂಡು ಅಳುವ ತಾಯಿ, ಇಷ್ಟೂ ಜನರ ಬಾಯೊಳಗೆ ಕೂತಿದ್ದವಳು ಇವಳೊಬ್ಬಳೇ. ಒಮ್ಮೆ ಔಷಧಿ ಅಂಗಡಿಯಲ್ಲಿ ಸಾಲು ತಪ್ಪಿಸಿ ನುಗ್ಗಿದವನನ್ನು “ಏನ್ರೀ, ಕಣ್ಣು ಕಾಣಲ್ವಾ?” ಅಂದಳಂತೆ. ಆ ಮನುಷ್ಯ ಹಿಂದೆ ತಿರುಗಿ ಇವಳನ್ನು ನೋಡುವುದು ಬಿಟ್ಟು ಗೋಡೆಯ ಮೇಲಿನ ಟಿವಿ ನೋಡಿದನಂತೆ. ಇದನ್ನು ಅವಳೇ ಎಲ್ಲರಿಗೂ ಹೇಳಿ ನಗುತ್ತಿದ್ದಳು. ನಗು ಮುಗಿದ ಮೇಲೆ, “ನೋಡಿ, ಮುಖಕ್ಕೆ ಬೆಲೆ ಇಲ್ಲ,” ಅಂತ ಒಂದು ಉಸಿರು ಬಿಡುತ್ತಿದ್ದಳು.

ಹೆಸರು ಬೇರೆ ಇತ್ತು ಬಿಡಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ಕಾವಲಿನವನಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಅವಳು ಗಂಟಲಕ್ಕನೇ. ಅಲ್ಲಿಗೆ ಸೇರಿದ್ದೂ ಗಂಟಲಿನಿಂದಲೇ. ಮೊದಲು ಅದೇ ಕಟ್ಟಡದ ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮೇಲಿನ ಸ್ಟುಡಿಯೋದ ಬಚ್ಚಲಿನ ನೀರು ಸೋರಿ ಸೋರಿ ಇಸ್ತ್ರಿ ಮಾಡಿಟ್ಟ ಅಂಗಿಗಳ ಮೇಲೆ ಬಿದ್ದಾಗ ಮೆಟ್ಟಿಲು ಹತ್ತಿ ಹೋಗಿ ಬಾಯಿಗೆ ಬಂದಂತೆ ಬೈದಳು. ಆಗಿದ್ದ ಡೈರೆಕ್ಟರು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡು, “ಇದನ್ನೇ ಇನ್ನೊಂದ್ಸಲ ಒಳಗೆ ಬಂದು ಬೈತೀರಾ?” ಅಂತ ಮೈಕಿನ ಮುಂದೆ ನಿಲ್ಲಿಸಿದ. ಅಂದಿನಿಂದ ಬೈಯುವುದೇ ಅವಳ ಉದ್ಯೋಗವಾಯಿತು. ಎಷ್ಟೋ ಜನ ಬೈದು ಕೆಲಸ ಕಳೆದುಕೊಳ್ಳುತ್ತಾರೆ, ಇವಳ ಹಣೆಬರಹ ಉಲ್ಟಾ.

ಮನೆಯಲ್ಲಿ ಮಾತ್ರ ಬೈದು ಪ್ರಯೋಜನವಿರಲಿಲ್ಲ. ಗಂಡ ಕಾಗದದ ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಮಂದ ಮಾಡಿಕೊಂಡಿದ್ದವನು. ಒಳ್ಳೆಯ ಮನುಷ್ಯ. ಹೆಂಡತಿ ಏನು ಹೇಳಿದರೂ “ಹೂಂ, ಸರಿ” ಅನ್ನುತ್ತಿದ್ದ. ಹೊಗಳಿದರೂ ಹೂಂ, ತೆಗಳಿದರೂ ಹೂಂ. ಮಕ್ಕಳಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಯ ಕಡೆಗೆ ಒಂದು ಕಿಟಕಿ, ಅದರಾಚೆ ಬಸ್ಸಿನ ನಿಲ್ದಾಣ. ಅಷ್ಟೇ ಸಂಸಾರ.

ಈಗ ಅವಳ ಸಂಪತ್ತಿನ ವಿಷಯಕ್ಕೆ ಬರೋಣ. ಹಣ ಬಂಗಾರವಲ್ಲ, ಒಂದು ಪಾತ್ರ. ಹೊರದೇಶದ ಧಾರಾವಾಹಿಯೊಂದರಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಗಂಡನನ್ನು ಕಳೆದುಕೊಂಡು, ಬಂದರಿನ ಊರೊಂದಕ್ಕೆ ಬಂದು ಸಣ್ಣ ದವಾಖಾನೆ ತೆರೆದವಳು. ಮೆಲ್ಲಗೆ ಮಾತಾಡುವವಳು. ರೋಗಿಯ ಕೈ ಹಿಡಿದು “ಹೆದರ್ಬೇಡಿ” ಅಂದರೆ ನೋಡುವವರ ಜ್ವರವೂ ಇಳಿಯಬೇಕು, ಅಂಥವಳು. ಆ ಪಾತ್ರಕ್ಕೆ ಬರಬೇಕಿದ್ದ ಕಲಾವಿದೆ ಮೊದಲ ದಿನವೇ ಕೈಕೊಟ್ಟಳು, ಬೇರೆ ಯಾರೂ ಸಿಗಲಿಲ್ಲ, ಗಂಟಲಕ್ಕನನ್ನೇ ನಿಲ್ಲಿಸಿದರು. ಅವಳು ಗಂಟಲನ್ನು ಬಟ್ಟೆ ಹಿಂಡಿದಂತೆ ಹಿಂಡಿ, ಒಳಗೆಲ್ಲೋ ಇದ್ದ ಒಂದು ಮೆತ್ತನೆಯ ದನಿಯನ್ನು ಹೊರಗೆ ತಂದಳು. ಅದು ಎಲ್ಲರಿಗೂ ಹಿಡಿಸಿಬಿಟ್ಟಿತು. ವರ್ಷಗಟ್ಟಲೆ ಆ ದನಿ ಅವಳದ್ದೇ ಆಯಿತು. ಜೀವನದಲ್ಲಿ ಎಲ್ಲರೂ ಪ್ರೀತಿಸುವಂಥ ಹೆಂಗಸಾಗಿದ್ದು ಅವಳು ಆ ಒಂದು ಪಾತ್ರದಲ್ಲಿ ಮಾತ್ರ. ಮನೆಯಲ್ಲಿ ಪಾತ್ರೆ ತೊಳೆಯುತ್ತ ಯಾರೂ ಕೇಳದಂತೆ “ಹೆದರ್ಬೇಡಿ, ನಾನಿದ್ದೀನಿ” ಅಂದುಕೊಳ್ಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ತಂಗಿ ಬಂದಳು. ವಯಸ್ಸು ನಲವತ್ತಕ್ಕೆ ಹತ್ತಿರವಾದರೂ ಅವಳು ಪುಟ್ಟಿಯೇ. ಕಟ್ಟಿಕೊಂಡವನು ಇನ್ನೊಬ್ಬಳ ಹಿಂದೆ ಹೋದ, ಇವಳು ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತಳು. ಗಂಟಲಕ್ಕನದು ಆಗ ಹಾಲಿನಂಥ ಮನಸ್ಸು ಅನ್ನಬೇಕು. “ಅಳ್ಬೇಡ ಕಣೆ, ನಾನು ಸತ್ತಿದ್ದೀನಾ?” ಅಂತ ಒಳಗೆ ಕರೆದುಕೊಂಡಳು. ಹಿಂದಿನ ಕೋಣೆ ಬಿಟ್ಟುಕೊಟ್ಟಳು. ಸ್ಟುಡಿಯೋಗೂ ತಾನೇ ಕರೆದುಕೊಂಡು ಹೋಗಿ ಗುಂಪಿನ ದನಿಗೆ ಹಾಕಿಸಿದಳು. ಗುಂಪಿನ ದನಿ ಅಂದರೆ ಮಾರುಕಟ್ಟೆ, ರೈಲು ನಿಲ್ದಾಣ ತೋರಿಸುವಾಗ ಹಿಂದೆ ಗಿಜಿಗಿಜಿ ಕೇಳಿಸುತ್ತದಲ್ಲ, ಅದು. ಹೇಗೆ ನಿಲ್ಲಬೇಕು, ಎಲ್ಲಿ ಉಸಿರೆಳೆಯಬೇಕು, ಪರದೆಯ ಮೇಲಿನವರ ತುಟಿ ಮುಚ್ಚುವಾಗ ನಮ್ಮ ಮಾತೂ ಹೇಗೆ ಮುಗಿಯಬೇಕು, ಎಲ್ಲ ಕಲಿಸಿದವಳೂ ಅವಳೇ. ತಾನೇ ನೀರೆರೆದು ಬೆಳೆಸಿದಳು ಅಂತ ಆಮೇಲೆ ಎಷ್ಟು ಸಲ ಹೊಟ್ಟೆ ಉರಿದುಕೊಂಡಳೋ!

ಸ್ಟುಡಿಯೋದಲ್ಲಿ ಆಗ ಇದ್ದ ಡೈರೆಕ್ಟರಿಗೆ ಒನ್‌ಮೋರ್ ಅಂತ ಹೆಸರು. ಟೇಕು ಎಷ್ಟೇ ಚೆನ್ನಾಗಿ ಬರಲಿ, “ಒನ್ ಮೋರ್” ಅನ್ನದೆ ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ. ಒಂದು ಸೋಮವಾರ ಅವನು ಗಂಟಲಕ್ಕನನ್ನು ಪಕ್ಕಕ್ಕೆ ಕರೆದು, ನೆಲ ನೋಡುತ್ತ ಮಾತು ತೆಗೆದ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ಡಾಕ್ಟರಮ್ಮನ ದನಿ ಇತ್ತೀಚೆಗೆ ಸ್ವಲ್ಪ ಭಾರ ಆಗಿದೆ ಅಂತ ಚಾನೆಲ್‌ನವ್ರು ಅಂತಿದ್ದಾರೆ.”

“ಭಾರ ಅಂದ್ರೆ? ನಾನೇನು ಮೂಟೆನಾ?”

“ಅಯ್ಯೋ, ಹಾಗಲ್ಲ. ಈ ವಾರ ಒಂದು ಟ್ರಯಲ್ ನೋಡೋಣ ಅಂತ. ಪುಟ್ಟಿ ಹೇಳ್ಲಿ. ಶನಿವಾರ ಚಾನೆಲ್ ಮೇಡಂ ಬಂದು ಕೇಳ್ತಾರೆ. ಸರಿ ಬರ್ಲಿಲ್ಲ ಅಂದ್ರೆ ಪಾತ್ರ ಮತ್ತೆ ನಿಮ್ಗೇ. ಅಲ್ಲೀವರೆಗೆ ನೀವು ಪಕ್ಕದ್ಮನೆಯವಳನ್ನ ಮಾಡಿ. ಹೊಸ ಪಾತ್ರ, ತುಂಬಾ ಚೆನ್ನಾಗಿದೆ.”

ಪುಟ್ಟಿ! ಯಾರೋ ಹೊರಗಿನವಳಾಗಿದ್ದರೆ ಗಂಟಲಕ್ಕ ಅಲ್ಲೇ ರಂಪ ಮಾಡಿ ಕಟ್ಟಡ ಎತ್ತಿ ಇಳಿಸುತ್ತಿದ್ದಳು. ತಂಗಿಯಾದ್ದರಿಂದ ನಕ್ಕಳು. “ಒಳ್ಳೇದಾಯ್ತಲ್ಲ, ನಮ್ಮನೇಲೇ ಉಳೀತು,” ಅಂದಳು. ಅಂದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತಳು. ಎದೆಯೊಳಗೆ ಬೆಂಕಿ ಬಿದ್ದಿತ್ತು. ಇದು ದುಃಖವಲ್ಲ, ಹೊಟ್ಟೆಕಿಚ್ಚು ಅಂತ ಅವಳಿಗೂ ಗೊತ್ತಿತ್ತು. ಸುಮ್ಮನೆ ಬೇರೆ ಹೆಸರು ಕೊಡುವಷ್ಟು ಮೋಸಗಾರ್ತಿ ಅವಳಲ್ಲ.

ಪುಟ್ಟಿಯ ದನಿಯಾದರೂ ಎಂಥದ್ದು? ಏನೂ ವಿಶೇಷವಿಲ್ಲ. ಕುಡಿಯುವ ನೀರಿನಂತೆ ಸಪ್ಪೆ. ಆದರೆ ಆ ಸಪ್ಪೆಯೇ ಪರದೆಯ ಮೇಲಿನ ಡಾಕ್ಟರಮ್ಮನ ತುಟಿಗೆ ಹೋಗಿ ಅಂಟಿಕೊಂಡಿತು. ಮೊದಲ ದಿನ “ಹೆದರ್ಬೇಡಿ” ಅಂದಾಗ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ಕೂತ ಒನ್‌ಮೋರ್ ತಲೆಯಾಡಿಸಿದ. ಗಂಟಲಕ್ಕ ಗಂಟಲು ಹಿಂಡಿ ಹಿಂಡಿ ತರುತ್ತಿದ್ದ ಮೆತ್ತಗಿನ ದನಿ ಇವಳಿಗೆ ಬಾಯಿ ತೆರೆದರೆ ಸಾಕು ಬರುತ್ತಿತ್ತು. ಇಷ್ಟು ವರ್ಷ ಬೆವರು ಸುರಿಸಿದ್ದು ಇದಕ್ಕೇನಾ ಅಂತ ಗಂಟಲಕ್ಕನ ಮೈಯೆಲ್ಲ ಉರಿದುಹೋಯಿತು.

ಅವಳು ಜಗಳವಾಡಲಿಲ್ಲ. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದೆಲ್ಲ ಒಳ್ಳೆಯ ಮಾತೇ. ಬೆಳಗ್ಗೆ ಚಹಾ ಸೋಸಿ ಮೊದಲ ಲೋಟ ತಂಗಿಯ ಮುಂದಿಟ್ಟು, “ಮೊದ್ಲು ನೀನು ಕುಡಿಯಮ್ಮ. ಈಗ *ನಿನ್ನ* ಗಂಟಲು ತಾನೇ ಮುಖ್ಯ,” ಅಂದಳು. ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕರೆ, “ನೀನು ಕೂತ್ಕೋ. ನಾವೆಲ್ಲ ನಿಂತು ಅಭ್ಯಾಸ ಆದವ್ರು,” ಅಂದಳು. ಪುಟ್ಟಿ ಕೂರಲೂ ಆಗದೆ ನಿಲ್ಲಲೂ ಆಗದೆ ಅರ್ಧ ಎದ್ದು ಅರ್ಧ ಕೂತು ಬಂದಳು. ಸ್ಟುಡಿಯೋದಲ್ಲಿ ಮೈಕಿನ ಹತ್ತಿರದ ಕುರ್ಚಿ ಇಷ್ಟು ದಿನ ಗಂಟಲಕ್ಕನದು. ಯಾರೂ ಕೇಳದಿದ್ದರೂ ತನ್ನ ಚೀಲ ಎತ್ತಿಕೊಂಡು, ಕುರ್ಚಿಯ ಧೂಳನ್ನು ಸೆರಗಿನಿಂದಲ್ಲ, ಕೈಚೌಕದಿಂದ ಒರೆಸಿ, ಎಲ್ಲರೂ ನೋಡುವಂತೆ ದೂರ ಹೋಗಿ ಗೋಡೆಗೆ ಒರಗಿ ನಿಂತಳು. ಪುಟ್ಟಿ ಆ ವಾರವಿಡೀ ಆ ಕುರ್ಚಿಯಲ್ಲಿ ಕೂರಲೇ ಇಲ್ಲ.

ಊಟದ ಹೊತ್ತು ಇನ್ನೂ ಘೋರ. ಗಂಡನಿಗೆ ಬಡಿಸಿ, ತನಗೆ ಬಡಿಸಿಕೊಂಡು, ಆಮೇಲೆ ನೆನಪಾದವಳಂತೆ ತಲೆಯೆತ್ತಿ, “ನೀನೂ ಊಟ ಮಾಡು” ಅನ್ನುತ್ತಿದ್ದಳು. ಮಾತು ಏನು ತಪ್ಪು? ಏನೂ ಇಲ್ಲ. ಆದರೆ ಆ ‘ನೀನೂ’ ಅನ್ನುವುದರ ಮೇಲೆ ಒಂದು ಸಣ್ಣ ಭಾರ, ಒಂದು ಸಣ್ಣ ನಿಲುಗಡೆ. ಪುಟ್ಟಿಯ ಕೈ ತಟ್ಟೆಯ ಹತ್ತಿರ ಹೋಗಿ ಅರೆಕ್ಷಣ ನಿಲ್ಲುತ್ತಿತ್ತು. ಅದನ್ನು ಗಂಟಲಕ್ಕ ನೋಡುತ್ತಿದ್ದಳು. ನೋಡಿ ಹೊಟ್ಟೆಯೊಳಗೆ ಒಂದು ತಣ್ಣನೆಯ ಸುಖ ಪಡುತ್ತಿದ್ದಳು. ಗಂಡ ಮಾತ್ರ “ಹೂಂ, ಎಲ್ರೂ ಮಾಡಿ” ಅಂತ ಸಂತೋಷವಾಗಿ ತಿನ್ನುತ್ತಿದ್ದ. ಅವನ ಪಾಲಿಗೆ ಮನೆಯಲ್ಲಿ ಎಲ್ಲ ಚೆನ್ನಾಗಿತ್ತು.

ಫಲ ಕಾಣತೊಡಗಿತು. ಬುಧವಾರ ಪುಟ್ಟಿಯ ದನಿ ಎರಡು ಕಡೆ ಒಡೆಯಿತು. ಗುರುವಾರ ಡಾಕ್ಟರಮ್ಮ ಮಗುವನ್ನು ಸಮಾಧಾನ ಮಾಡುವ ಮಾತಿಗೆ ಮುಂಚೆ ಗಂಟಲಕ್ಕ ನೀರಿನ ಬಾಟಲಿ ಹಿಡಿದು ಬಂದು, “ಕುಡಿ ಕುಡಿ, ಚಾನೆಲ್‌ನವ್ರು *ಹಗುರ* ಬೇಕು ಅಂದಿದ್ದಾರೆ,” ಅಂದು ಹೋದಳು. ಪುಟ್ಟಿ ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಒನ್‌ಮೋರ್ “ಒನ್ ಮೋರ್” ಅಂದೂ ಅಂದೂ ಸುಸ್ತಾದ. “ನಾಳಿದ್ದು ಹಿಂಗಾದ್ರೆ ಕಷ್ಟ ಪುಟ್ಟಿ,” ಅಂದ. ಗಂಟಲಕ್ಕನಿಗೆ ಆ ಮಾತು ಕೇಳಿ ಹಸಿವಾಯಿತು, ಹೊರಗೆ ಹೋಗಿ ಎರಡು ಬನ್ನು ತಿಂದು ಬಂದಳು.

ಇತ್ತ ಅವಳ ಪಕ್ಕದ್ಮನೆಯವಳ ಕಥೆ ಕೇಳಿ. ಆ ಹೆಂಗಸು ಡಾಕ್ಟರಮ್ಮನ ಮನೆಗೆ ದಿನಾ ಬರುವವಳು, ನಗುನಗುತ್ತ ಮಾತಾಡುವವಳು. ಸ್ಕ್ರಿಪ್ಟು ಬರೆಯುತ್ತಿದ್ದವರು ಒಬ್ಬ ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಮಾತುಗಳನ್ನೆಲ್ಲ ಕನ್ನಡ ಮಾಡುತ್ತಿದ್ದರು, ಹೇಗೆ ಹೇಳಬೇಕು ಅನ್ನುವ ಸೂಚನೆಗಳನ್ನು ಮಾತ್ರ ಅಂಚಿನಲ್ಲಿ ಇಂಗ್ಲಿಷಿನಲ್ಲೇ, ಕನ್ನಡ ಅಕ್ಷರದಲ್ಲಿ ಉಳಿಸುತ್ತಿದ್ದರು. ಅದೇ ಅಲ್ಲಿನ ಪದ್ಧತಿ. ಸಾಫ್ಟ್ಲಿ ಅಂದರೆ ಮೆಲ್ಲಗೆ, ಆಂಗ್ರಿಲಿ ಅಂದರೆ ಕೋಪದಲ್ಲಿ ಅಂತ ಎಲ್ಲರಿಗೂ ಬಾಯಿಪಾಠ. ಪಕ್ಕದ್ಮನೆಯವಳ ಮಾತಿನ ಪಕ್ಕದಲ್ಲೆಲ್ಲ ಮಾತ್ರ ಒಂದೇ ಪದ ಕೂತಿತ್ತು: ಪಾಯಿಂಟೆಡ್ಲಿ.

ಗಂಟಲಕ್ಕ ಅದನ್ನು ಗಟ್ಟಿಯಾಗಿ ಅಂತ ತಿಳಿದು ವಾರವೆಲ್ಲ ಕೂಗಿದಳು. ಒನ್‌ಮೋರ್ ಕಿವಿಯಿಂದ ಹೆಡ್‌ಫೋನ್ ಕಿತ್ತಿಟ್ಟ. ಆಗಲೇ ಮುಗಿದ ಟೇಕುಗಳನ್ನೂ ಶನಿವಾರ ಮತ್ತೆ ಮಾಡೋಣ ಅಂದ. ಕೊನೆಗೆ ಶುಕ್ರವಾರ ಮೇಷ್ಟ್ರನ್ನೇ ಕರೆಸಿದರು. ಅವರು ಕನ್ನಡಕ ಒರೆಸಿಕೊಂಡು ಪಾಠಕ್ಕೆ ಕೂತರು.

“ನೋಡಮ್ಮ, ಇದು ಕೋಪ ಅಲ್ಲ. ಒತ್ತಿ ಒತ್ತಿ ಹೇಳೋದೂ ಅಲ್ಲ. ಸಭೆಯಲ್ಲಿ ಮೇಜು ಕುಟ್ಟಿ ಹೇಳ್ತಾರಲ್ಲ, ಅದಕ್ಕೆ ಬೇರೆ ಪದ ಇದೆ. ಅಲ್ಲಿ ಎಲ್ರಿಗೂ ಒಂದೇ ಸಮ ಕೇಳ್ಬೇಕು. ಇಲ್ಲಿ ಮಾತು ಎಲ್ರಿಗೂ ಕೇಳತ್ತೆ, ತಾಗೋದು ಒಬ್ರಿಗೇ.”

“ಹಾಗಂದ್ರೆ ಚುಚ್ಚು ಮಾತು ಅನ್ನಿ.”

“ಹತ್ತಿರ ಬಂದೆ. ಆದ್ರೆ ಚುಚ್ಚು ಮಾತಲ್ಲಿ ಮಾತೇ ಕಹಿ ಇರತ್ತೆ. ಇದ್ರಲ್ಲಿ ಮಾತು ಸಿಹಿಯಾಗೂ ಇರ್ಬೋದು. ಭಾರ ಎಲ್ಲಿ ಹಾಕ್ತೀಯ ಅನ್ನೋದ್ರಲ್ಲಿದೆ. ಬೇಕಂತಲೇ ಹಾಕಿದ್ದು ಅಂತ ಆ ಕಡೆಯವ್ರಿಗೆ ಗೊತ್ತಾಗ್ಬೇಕು. ಮಾತೇ ಬೇಕಂತಲೂ ಇಲ್ಲ. ನೆಂಟ್ರು ಎದ್ದು ಹೋಗ್ಲಿ ಅಂತ ಅವ್ರು ನೋಡೋ ಹಾಗೆ ಗಡಿಯಾರ ನೋಡ್ತೀವಲ್ಲ, ಅದೂ ಪಾಯಿಂಟೆಡ್ಲೀನೇ. ಒಬ್ರನ್ನ ಬಿಟ್ಟು ಮಿಕ್ಕವ್ರನ್ನೆಲ್ಲ ‘ಚೆನ್ನಾಗಿದ್ದೀರಾ’ ಅಂತ ಕೇಳಿದ್ರೆ, ಅದೂ ಅದೇ.”

“ಅಯ್ಯಪ್ಪ! ಇಷ್ಟೆಲ್ಲ ಯಾರು ಲೆಕ್ಕ ಹಾಕಿ ಮಾತಾಡ್ತಾರೆ ಮೇಷ್ಟ್ರೇ? ನಂಗೆ ಇದೆಲ್ಲ ಬರಲ್ಲ. ನಂದು ನೇರ ಮಾತು. ಒಳಗಿದ್ದದ್ದು ಹೊರಗೆ.”

ಇದನ್ನು ಅವಳು ಮನಸಾರೆ ಹೇಳಿದಳು. ಪುಟ್ಟಿ ಮೂಲೆಯಲ್ಲಿ ಸ್ಕ್ರಿಪ್ಟು ಓದಿಕೊಳ್ಳುತ್ತಿದ್ದವಳು ಪುಟ ತಿರುಗಿಸಿದಳು. ತಲೆ ಎತ್ತಲಿಲ್ಲ.

ಶನಿವಾರ ಚಾನೆಲ್ ಮೇಡಂ ಬಂದರು. ತೆಳ್ಳಗೆ, ಎತ್ತರಕ್ಕೆ, ಫೋನು ಕೆಳಗಿಡದ ಹೆಂಗಸು. ಗಾಜಿನಾಚೆ ಒನ್‌ಮೋರ್ ಪಕ್ಕ ಕೂತರು. ಗಾಜಿನೀಚೆ, ಒಂದೇ ಮೈಕಿನ ಮುಂದೆ ಅಕ್ಕ ತಂಗಿ ಭುಜಕ್ಕೆ ಭುಜ ತಾಗಿಸಿ ನಿಂತರು. ಬೇರೆ ಬೇರೆ ನಿಲ್ಲಿಸುವ ಜಾಗ ಆ ಸ್ಟುಡಿಯೋದಲ್ಲಿ ಇರಲಿಲ್ಲ. ಅವತ್ತಿನ ದೃಶ್ಯ ಇದು: ಡಾಕ್ಟರಮ್ಮ ಹೊಸ ಮನೆಗೆ ಬಂದಿದ್ದಾಳೆ. ಆ ಮನೆಯ ಮೇಲೆ ಮೊದಲಿನಿಂದ ಕಣ್ಣಿಟ್ಟಿದ್ದ ಪಕ್ಕದ್ಮನೆಯವಳು ಹೂವಿನ ಕುಂಡ ಹಿಡಿದು ಬಾಗಿಲಲ್ಲಿ ನಿಂತು ಹೇಳುತ್ತಾಳೆ: “ಈ ಮನೆ ನಿಂಗೆ ಸಿಕ್ಕಿದ್ದು ನಂಗೆ ತುಂಬಾ ಸಂತೋಷ.” ಪಾಯಿಂಟೆಡ್ಲಿ. ಅದಕ್ಕೆ ಡಾಕ್ಟರಮ್ಮ, “ಗೊತ್ತು. ಒಳಗೆ ಬನ್ನಿ,” ಅನ್ನುತ್ತಾಳೆ. ಅವಳ ಅಂಚಿನಲ್ಲಿ ಯಾವ ಸೂಚನೆಯೂ ಇಲ್ಲ.

ಗಂಟಲಕ್ಕನ ಲೆಕ್ಕ ಸರಳವಾಗಿತ್ತು. ಪುಟ್ಟಿ ಇವತ್ತೊಂದು ದಿನ ಒಡೆದರೆ ಸಾಕು, ಸೋಮವಾರದಿಂದ ಡಾಕ್ಟರಮ್ಮ ಮತ್ತೆ ತನ್ನವಳು. ಅದಕ್ಕೇ ಬೆಳಗ್ಗೆ ಹೊರಡುವಾಗ ತಂಗಿಯ ಅಂಗಿಯ ಕಾಲರು ಸರಿಮಾಡಿ, “ಹೆದರ್ಬೇಡ. ಸೋತ್ರೂ ಮನೆಯಿಂದ *ನಾನಂತೂ* ಹೊರಗೆ ಹಾಕಲ್ಲ,” ಅಂದಿದ್ದಳು. ಪುಟ್ಟಿಯ ಮುಖ ಬಿಳಿಚಿಕೊಂಡಿತ್ತು. ಬಸ್ಸಿನಲ್ಲಿ ಇಡೀ ದಾರಿ ಅವಳು ಕಿಟಕಿಯಾಚೆ ನೋಡುತ್ತ ಬಂದಳು.

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಆ ಹೆಂಗಸು ಕುಂಡ ಹಿಡಿದು ಬಾಯಿ ತೆರೆದಳು. ಗಂಟಲಕ್ಕ ಹೇಳಿದಳು. ಸಂತೆಯಲ್ಲಿ ಬೆಲೆ ಕೂಗಿದಂತೆ ಬಂತು.

“ಒನ್ ಮೋರ್. ಅಕ್ಕ, ಕೂಗ್ಬೇಡಿ. ನಗ್ತಾ ಹೇಳಿ.”

ನಕ್ಕಳು. ಈಗ ನಿಜವಾಗಿ ಸಂತೋಷಪಟ್ಟಂತೆ ಬಂತು.

“ಒನ್ ಮೋರ್. ಇಷ್ಟು ಸಂತೋಷ ಬೇಡ ಅಕ್ಕ, ಅವ್ಳಿಗೆ ಒಳಗೆ ಉರೀತಾ ಇದೆ.”

ಮುಂದಿನ ಟೇಕಿನಲ್ಲಿ ದನಿಗೆ ಸಿಟ್ಟು ಬಂತು. ಆಮೇಲೆ ಅಳು ಬಂದಂತಾಯಿತು. ಟೇಕಿನ ಮೇಲೆ ಟೇಕು ಹೋಯಿತು. ಗಾಜಿನಾಚೆ ಚಾನೆಲ್ ಮೇಡಂ ಫೋನಿನಿಂದ ತಲೆಯೆತ್ತಿ ಒನ್‌ಮೋರ್ ಕಿವಿಯಲ್ಲಿ ಏನೋ ಹೇಳಿದರು. ಗಂಟಲಕ್ಕ ಅದನ್ನು ನೋಡಿದಳು. ಡಾಕ್ಟರಮ್ಮ ಆಮೇಲಿನ ಮಾತು, ಈಗ ಇದ್ದ ಪಕ್ಕದ್ಮನೆಯವಳೂ ಕೈತಪ್ಪಿದರೆ? ಇಷ್ಟು ವರ್ಷ ದುಡಿದ ಜಾಗದಲ್ಲಿ ಒಂದು ಸಾಲು ಹೇಳಲು ಬರದವಳು ಅನ್ನಿಸಿಕೊಂಡರೆ? ಅದೂ ಪುಟ್ಟಿಯ ಪಕ್ಕದಲ್ಲಿ ನಿಂತು!

ಆಗ ಪುಟ್ಟಿ ಇವಳ ಕಡೆ ತಿರುಗಿದಳು. ಕನ್ನಡಕ ಮರೆತು ಹುಡುಕುತ್ತಿರುವವರಿಗೆ ಇಲ್ಲೇ ಇದೆಯಲ್ಲ ಅಂತ ಎತ್ತಿಕೊಡುವಂತೆ, ಅಷ್ಟು ಸಹಜವಾಗಿ ಹೇಳಿದಳು.

“ಅಕ್ಕಾ, ಕಷ್ಟ ಏನಿಲ್ಲ. ಮನೇಲಿ ನಂಗೆ ‘ನೀನೂ ಊಟ ಮಾಡು’ ಅಂತೀಯಲ್ಲ, ಹಾಗೇ ಹೇಳು.”

ಮೈಕು ತೆರೆದಿತ್ತು. ಮಾತು ಗಾಜಿನಾಚೆಗೂ ಹೋಯಿತು. ಒನ್‌ಮೋರ್ ತೊಡೆ ತಟ್ಟಿದ. “ಹಾಂ! ಅದೇ ಅಕ್ಕ, ಅದೇ! ಮನೇಲಿ ಹೇಳೋ ಹಾಗೆ! ರೋಲ್!”

ಗಂಟಲಕ್ಕ ತಂಗಿಯ ಮುಖ ನೋಡಿದಳು. ಪುಟ್ಟಿಗೆ ಎಲ್ಲ ಗೊತ್ತಿತ್ತು. ಚಹಾದ ಲೋಟ, ಬಸ್ಸಿನ ಸೀಟು, ಕುರ್ಚಿ, ನೀರಿನ ಬಾಟಲಿ, ಒಂದೊಂದೂ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿತ್ತು. ಅಷ್ಟನ್ನೂ ಅವಳು ಎಣಿಸಿಕೊಂಡೇ ನುಂಗಿದ್ದಳು. ತನಗೇ ಸರಿಯಾಗಿ ಹೆಸರು ಗೊತ್ತಿಲ್ಲದ ವಿದ್ಯೆಯನ್ನು ತಂಗಿ ಕೇಳಿ ಕೇಳಿ ಗುರುತು ಹಿಡಿದಿದ್ದಳು. ಅಯ್ಯೋ, ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಕೆಂಪು ದೀಪ ಹತ್ತಿಬಿಟ್ಟಿತ್ತು. ಪರದೆಯ ಮೇಲೆ ಕುಂಡ ಹಿಡಿದವಳು ಬಾಯಿ ತೆರೆದಳು, ಇವಳ ಬಾಯಿಯೂ ಅಭ್ಯಾಸಬಲದಿಂದ ತೆರೆಯಿತು.

“ಈ ಮನೆ *ನಿಂಗೆ* ಸಿಕ್ಕಿದ್ದು... ನಂಗೆ ತುಂಬಾ ಸಂತೋಷ.”

ಕೂಗಿರಲಿಲ್ಲ. ಕಹಿ ಇರಲಿಲ್ಲ. ಎಲ್ಲೋ ಒಂದು ಅಕ್ಷರದ ಮೇಲೆ ಭಾರ ಕೂತು, ಮತ್ತೆ ಎದ್ದಿತ್ತು, ಅಷ್ಟೇ. ಗಾಜಿನಾಚೆ ಕೂತ ಮೇಡಂ ಫೋನು ಕೆಳಗಿಟ್ಟರು.

ಇನ್ನು ಪುಟ್ಟಿಯ ಸರದಿ. ಒಡೆಯುತ್ತದೆ, ಈಗ ಒಡೆದೇ ಒಡೆಯುತ್ತದೆ ಅಂತ ಗಂಟಲಕ್ಕನಿಗೆ ಆಗಲೂ ಒಂದು ಆಸೆ ಇತ್ತು. ಅಷ್ಟು ನಾಚಿಕೆಯ ನಡುವೆಯೂ ಆಸೆ ಹೋಗಿರಲಿಲ್ಲ ನೋಡಿ, ಹೊಟ್ಟೆಕಿಚ್ಚಿನ ಜಾತಿಯೇ ಅಂಥದ್ದು. ಪುಟ್ಟಿ ಪರದೆ ನೋಡುತ್ತ ಹೇಳಿದಳು.

“ಗೊತ್ತು. ಒಳಗೆ ಬನ್ನಿ.”

ಹೆಡ್‌ಫೋನಿನಲ್ಲಿ ಆ ಮಾತು ಗಂಟಲಕ್ಕನ ಕಿವಿಯೊಳಗೇ ಹೇಳಿದಂತೆ ಬಂತು. ಅದರಲ್ಲಿ ಯಾವ ಪದದ ಮೇಲೂ ಭಾರವಿರಲಿಲ್ಲ. ಗೊತ್ತು ಅಂದರೆ ಗೊತ್ತು, ಬನ್ನಿ ಅಂದರೆ ಬನ್ನಿ. ತಾಗಲಿ ಅಂತಲೇ ಹೇಳಿದ್ದನ್ನು ಕೇಳಿಸಿಕೊಂಡೂ ಬಾಗಿಲು ತೆಗೆದವಳ ಮಾತು ಅದು. ಇಷ್ಟು ವರ್ಷದ ಅನುಭವದಲ್ಲಿ ಗಂಟಲಕ್ಕನಿಗೆ ಬೇರೇನೂ ಗೊತ್ತಿಲ್ಲದಿದ್ದರೂ ದನಿ ಗೊತ್ತಿತ್ತು. ತಾನು ನಟಿಸುತ್ತಿದ್ದ ಡಾಕ್ಟರಮ್ಮ ಇವಳೇ, ಪಾತ್ರ ಸೇರಬೇಕಾದ ಮನೆ ಸೇರಿತು ಅಂತ ಅವಳಿಗೆ ಆ ಕ್ಷಣವೇ ತಿಳಿಯಿತು. ಹೊಟ್ಟೆ ಇನ್ನಷ್ಟು ಉರಿಯಿತು. ಜೊತೆಗೆ ಕಣ್ಣೂ ತುಂಬಿತು.

ಒನ್‌ಮೋರ್ ಬಾಯಿ ತೆರೆದ. ಎಲ್ಲರೂ ಒನ್ ಮೋರ್‌ಗೆ ಸಿದ್ಧರಾದರು. ಅವನು, “ಓಕೆ,” ಅಂದ. ಅಲ್ಲಿದ್ದವರು ಯಾರೂ ಚೆನ್ನಾಗಿ ಬಂದ ಮೊದಲ ಟೇಕಿಗೇ ಅವನ ಬಾಯಲ್ಲಿ ಆ ಪದವನ್ನು ಕೇಳಿರಲಿಲ್ಲ.

ಚಾನೆಲ್ ಮೇಡಂ ಒಳಗೆ ಬಂದು ಪುಟ್ಟಿಯ ಕೈ ಕುಲುಕಿದರು. ಡಾಕ್ಟರಮ್ಮ ಇನ್ನು ಮುಂದೆ ಇವರೇ ಅಂದರು. ಆಮೇಲೆ ಗಂಟಲಕ್ಕನ ಕಡೆ ತಿರುಗಿ, “ನೀವಂತೂ ಅದ್ಭುತ! ಇಂಥ ಪಾತ್ರ ಇನ್ಮೇಲೆ ಎಲ್ಲೇ ಬಂದ್ರೂ ನಿಮ್ಗೇ. ಹೇಗೆ ಮಾಡಿದ್ರಿ ಅದನ್ನ?” ಅಂತ ಕೇಳಿದರು.

“ಅಭ್ಯಾಸ ಮೇಡಂ,” ಅಂದಳು ಗಂಟಲಕ್ಕ. ಮೇಡಂ ನಕ್ಕರು. ಪುಟ್ಟಿ ಸ್ಕ್ರಿಪ್ಟಿನ ಹಾಳೆಗಳನ್ನು ಜೋಡಿಸುತ್ತಿದ್ದಳು.

ಮನೆಗೆ ಬರುವ ಬಸ್ಸಿನಲ್ಲಿ ಎರಡು ಸೀಟು ಸಿಕ್ಕಿತು. ಇಬ್ಬರೂ ಕೂತರು. ಗಂಟಲಕ್ಕನಿಗೆ ಏನೋ ಹೇಳಬೇಕು ಅನ್ನಿಸಿತು. ತಪ್ಪಾಯಿತು ಅನ್ನಬೇಕೇ? ಯಾವುದಕ್ಕೆ? ಚಹಾ ಕೊಟ್ಟಿದ್ದಕ್ಕೆ? ಸೀಟು ಬಿಟ್ಟಿದ್ದಕ್ಕೆ? ಹಿಡಿದು ತೋರಿಸಿ ಕ್ಷಮೆ ಕೇಳೋಣ ಅಂದರೆ ಒಂದು ಕೆಟ್ಟ ಮಾತೂ ಕೈಗೆ ಸಿಗಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಪುಟ್ಟಿ ತಟ್ಟೆಗಳನ್ನು ಒರೆಸುತ್ತಿದ್ದಳು. ಗಂಡ ಮುಂದಿನ ಕೋಣೆಯಲ್ಲಿ ಟಿವಿ ಹಾಕಿಕೊಂಡಿದ್ದ. ಗಂಟಲಕ್ಕ ಬಾಗಿಲಲ್ಲಿ ನಿಂತು, ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬಾಗಿಲ ಚಿಲಕ ಹಿಡಿದು, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಹೇಳಿದಳು.

“ಇವತ್ತು ಚೆನ್ನಾಗಿ ಹೇಳ್ದೆ ಕಣೆ ಪುಟ್ಟಿ.”

ಪುಟ್ಟಿಯ ಕೈ ನಿಂತಿತು. ತಟ್ಟೆ ಅರ್ಧ ಒರೆಸಿದಂತೆಯೇ ಉಳಿಯಿತು. ಅವಳು ತಿರುಗದೆ ಸುಮ್ಮನೆ ಕಾಯುತ್ತಿದ್ದಳು.

“ಏನೇ? ಕೇಳಿಸ್ತಾ?”

“ಕೇಳಿಸ್ತು. ಇನ್ನರ್ಧ ಹೇಳು ಅಕ್ಕಾ.”

“ಯಾವ ಇನ್ನರ್ಧ?”

“ಯಾವಾಗ್ಲೂ ಒಂದು ಇರತ್ತಲ್ಲ. ಹೇಳ್ಬಿಡು. ಆಮೇಲೆ ಊಟಕ್ಕೆ ಕೂರೋಣ.”

ಗಂಟಲಕ್ಕ ಚಿಲಕ ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು. “ಇಲ್ಲ ಕಣೆ, ಅಷ್ಟೇ. ನಿಜವಾಗ್ಲೂ ಚೆನ್ನಾಗಿ ಹೇಳ್ದೆ,” ಅಂದಳು. ಆ ‘ನಿಜವಾಗ್ಲೂ’ ತನ್ನ ಕಿವಿಗೇ ಹೇಗೋ ಕೇಳಿಸಿತು. ಭಾರ ಬಿದ್ದಿತ್ತೋ ಏನೋ. ಮತ್ತೆ ಹೇಳಿದಳು, ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅತ್ತೆಯ ದನಿ ಗೊತ್ತು, ವಕೀಲೆಯ ದನಿ ಗೊತ್ತು, ಸತ್ತ ಮಗನಿಗಾಗಿ ಅಳುವ ತಾಯಿಯ ದನಿ ಗೊತ್ತು. ತಂಗಿಗೆ ಒಂದು ಒಳ್ಳೆಯ ಮಾತನ್ನು ಸುಮ್ಮನೆ ಹೇಳುವ ದನಿ ಯಾವುದು ಅಂತ ಗೊತ್ತಾಗಲಿಲ್ಲ.

ಪುಟ್ಟಿ ತಟ್ಟೆ ಪೂರ್ತಿ ಒರೆಸಿ, ಗೂಡಿನಲ್ಲಿಟ್ಟು, ಅಕ್ಕನನ್ನು ದಾಟಿ ಹೊರಗೆ ಹೋಗುವಾಗ ಅವಳ ತೋಳು ಮುಟ್ಟಿದಳು.

“ಆಯ್ತು ಬಿಡು ಅಕ್ಕಾ,” ಅಂದಳು. “ನಂಗೇನೂ ಬೇಜಾರಿಲ್ಲ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ನಂಬಿರಲಿಲ್ಲ, ಅಷ್ಟೇ.